ಟೆಂಡರ್ ಇಲ್ಲದ ಸರ್ಕಾರಿ ಖರೀದಿ: ವಿನಾಯಿತಿ ಯಾವಾಗ, ಕಡತದಲ್ಲಿ ಏನಿರಬೇಕು?

ಇಲಾಖಾ ಪರೀಕ್ಷೆಗೆ ಓದುವಾಗ ವಿನಾಯಿತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು. ಪ್ರಶ್ನೆ ಒಂದು ಸಂದರ್ಭ ಕೊಟ್ಟು, ಇಲ್ಲಿ ಟೆಂಡರ್ ಬೇಕೇ ಬೇಡವೇ ಎಂದು ಕೇಳಬಹುದು. ಪ್ರತಿ ವಿನಾಯಿತಿಗೂ ಒಂದು ಕಾರಣವಿದೆ, ಅದನ್ನು ಹಿಡಿದುಕೊಂಡರೆ ಉತ್ತರ ಸಿಗುತ್ತದೆ.

ಬುಡದಲ್ಲಿರುವುದು ಸಂವಿಧಾನದ 14ನೇ ವಿಧಿ. ಸಾರ್ವಜನಿಕ ಹಣದ ವ್ಯವಹಾರದಲ್ಲಿ ಅರ್ಹರೆಲ್ಲರಿಗೂ ಸಮಾನ ಅವಕಾಶ ಇರಬೇಕು. ಮೀರತ್ ನಗರ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿತು: ಹರಾಜು ಅಥವಾ ಟೆಂಡರ್ ಕರೆಯುವುದೇ ನಿಯಮ, ಉಳಿದದ್ದು ಅಪರೂಪದ ಅಪವಾದ. ನೈಸರ್ಗಿಕ ವಿಕೋಪ, ಒಂದೇ ಮೂಲದಿಂದ ಸಿಗುವ ಸರಕು, ಹಲವು ಸಲ ಕರೆದರೂ ಯಾರೂ ಬಾರದಿರುವುದು, ಇಂಥವನ್ನು ಅದು ಉದಾಹರಿಸಿತು.

ಕೇಂದ್ರ ಸರ್ಕಾರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅದರ 166ನೇ ನಿಯಮ ಏಕ ಟೆಂಡರ್‌ಗೆ, ಅಂದರೆ ಒಬ್ಬರನ್ನೇ ಕೇಳಿ ಕೊಳ್ಳುವುದಕ್ಕೆ, ಮೂರು ಸಂದರ್ಭ ಕೊಡುತ್ತದೆ: ಆ ಸರಕನ್ನು ಒಂದೇ ಸಂಸ್ಥೆ ತಯಾರಿಸುತ್ತದೆ, ತುರ್ತಿನಲ್ಲಿ ನಿರ್ದಿಷ್ಟ ಮೂಲದಿಂದಲೇ ಕೊಳ್ಳಬೇಕಾಗಿದೆ, ಈಗಿರುವ ಯಂತ್ರಕ್ಕೆ ಹೊಂದುವ ಬಿಡಿಭಾಗ ಬೇಕಾಗಿದೆ.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ನೋಡೋಣ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆಯ ಯಂತ್ರವಿದೆ, ಅದು ತನ್ನ ಕಂಪನಿಯ ರಾಸಾಯನಿಕವನ್ನು ಮಾತ್ರ ಒಪ್ಪುತ್ತದೆ ಎಂದಿಟ್ಟುಕೊಳ್ಳಿ. ರಾಸಾಯನಿಕಕ್ಕೆ ಏಕ ಟೆಂಡರ್ ಸಮರ್ಥನೀಯ. ಆದರೆ ಹೊಸ ಯಂತ್ರಕ್ಕೆ ಅದೇ ವಾದ ನಡೆಯದು, ಏಕೆಂದರೆ ಅದೇ ಪರೀಕ್ಷೆ ಮಾಡುವ ಬೇರೆ ಕಂಪನಿಗಳ ಯಂತ್ರಗಳು ಮಾರುಕಟ್ಟೆಯಲ್ಲಿವೆ. ತಯಾರಕ ಒಬ್ಬನೇ ಆಗಿ ವಿತರಕರು ನಾಲ್ವರಿದ್ದರೆ ಬೆಲೆಯಲ್ಲಿ ಪೈಪೋಟಿಗೆ ಇನ್ನೂ ಜಾಗವಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ಇಂಥ ಖರೀದಿಗೆ ಬಳಕೆದಾರ ಇಲಾಖೆ ಒಂದು ಪ್ರಮಾಣಪತ್ರ ಕೊಡಬೇಕು: ಸರಕಿನ ತಯಾರಕರು ಇವರು, ಬೇರೆ ಮಾದರಿ ಒಪ್ಪಲಾಗದಿರುವುದಕ್ಕೆ ಕಾರಣ ಇಂತಿಂಥದು. "ನಮ್ಮ ತಜ್ಞರಿಗೆ ಇದೇ ಅಭ್ಯಾಸ" ಎಂಬುದು ಕಾರಣವಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಜೀವ ಈ ಒಂದು ಹಾಳೆಯಲ್ಲಿದೆ. ಸಾರ್ವಜನಿಕರು ಮುಂದೊಂದು ದಿನ ಕಡತ ಕೇಳಿದಾಗ ಅವರ ಕೈಗೆ ಸಿಗುವ ಉತ್ತರವೂ ಅದೇ.

ತುರ್ತು ಎಂಬುದನ್ನೂ ಬಿಗಿಯಾಗಿ ಓದಬೇಕು. ನೆರೆ ಬಂದು ಸೇತುವೆ ಕೊಚ್ಚಿಹೋದದ್ದು ತುರ್ತು. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು ಎಂಬುದು ಯೋಜನೆಯ ಲೋಪ.

ಕರ್ನಾಟಕಕ್ಕೆ ಬಂದರೆ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಇದೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎನ್ನುತ್ತಾರೆ. ವಿನಾಯಿತಿಗಳಿರುವುದು 4ನೇ ಪ್ರಕರಣದಲ್ಲಿ (ಸೆಕ್ಷನ್). 4(ಎ) ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿಯ ಅವಧಿಗೆ. ಘೋಷಣೆ ಸರ್ಕಾರದ್ದಾಗಿರಬೇಕು, ಅಧಿಕಾರಿ ತಾನೇ ತುರ್ತು ಎಂದುಕೊಂಡರೆ ಆಗದು. 4(ಬಿ) ಏಕೈಕ ಮೂಲಕ್ಕೆ ಸಂಬಂಧಿಸಿದ್ದು. ಇಲ್ಲಿ ಮೂವರು ತಜ್ಞರ ಸಮಿತಿ ಖಚಿತಪಡಿಸಬೇಕು, ಅವರಲ್ಲಿ ಒಬ್ಬರು ಶೈಕ್ಷಣಿಕ ಅಥವಾ ಸಂಶೋಧನಾ ವಲಯದಂಥ ಹೊರಗಿನವರು. ಈ ಷರತ್ತು ನನಗೆ ತುಂಬ ಮೆಚ್ಚುಗೆಯಾದದ್ದು, ಬೇಡಿಕೆ ಇಟ್ಟವರೇ ತೀರ್ಪು ಕೊಡುವುದನ್ನು ಅದು ತಡೆಯುತ್ತದೆ. ಹೆಚ್ಚು ಸುದ್ದಿಯಾಗುವುದು 4(ಜಿ): ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಸಂಗ್ರಹಣೆಗೆ ವಿನಾಯಿತಿ ಕೊಡಬಹುದು. ಉಳಿದ ಉಪಪ್ರಕರಣಗಳಲ್ಲಿ ಕಾರಣವನ್ನು ಕಾನೂನೇ ಹೇಳಿದೆ, ಇಲ್ಲಿ ಸರ್ಕಾರದ ವಿವೇಚನೆಗೆ ಬಿಟ್ಟಿದೆ. ದುರ್ಬಳಕೆಯ ಭಯ ಹೆಚ್ಚಿರುವುದೂ ಇಲ್ಲೇ.

ಸಣ್ಣ ಮೊತ್ತದ ಖರೀದಿ ಸುಲಭದ ಭಾಗ. ಕೇಂದ್ರದ 154ನೇ ನಿಯಮ 2017ರಲ್ಲಿ 25,000 ರೂಪಾಯಿವರೆಗೆ ಕೊಟೇಶನ್ ಇಲ್ಲದೆ ಕೊಳ್ಳಲು ಬಿಟ್ಟಿತು, ಗುಣಮಟ್ಟ ಮತ್ತು ಬೆಲೆ ಸರಿಯಿದೆ ಎಂಬ ಅಧಿಕಾರಿಯ ಪ್ರಮಾಣಪತ್ರದೊಂದಿಗೆ. ಮಿತಿಗಳು ಪರಿಷ್ಕರಣೆಯಾಗುತ್ತಿರುತ್ತವೆ, ಪರೀಕ್ಷೆಗೆ ಮುನ್ನ ಹೊಸ ಆದೇಶ ನೋಡಿಕೊಳ್ಳಿ. ಬೇಡಿಕೆಯನ್ನು ತುಂಡು ಮಾಡಿ ಮಿತಿಯೊಳಗೆ ತರುವುದನ್ನು 157ನೇ ನಿಯಮ ನಿಷೇಧಿಸುತ್ತದೆ. ನೂರು ಕುರ್ಚಿ ಬೇಕಿದ್ದರೆ ಹತ್ತು ಬಿಲ್ ಮಾಡುವಂತಿಲ್ಲ.

ಇನ್ನೊಂದು ಗೊಂದಲ: ಬಹಿರಂಗ ಟೆಂಡರ್ ಕರೆದು ಒಬ್ಬರೇ ಬಿಡ್ ಹಾಕಿದರೆ ಅದು ಏಕ ಟೆಂಡರ್ ಅಲ್ಲ. ಪ್ರಚಾರ ಸಾಕಷ್ಟಿದ್ದು, ಅರ್ಹತಾ ಷರತ್ತು ಅತಿಯಾಗಿರದೆ, ದರ ಸಮಂಜಸವಾಗಿದ್ದರೆ ಕೇಂದ್ರದ ನಿಯಮಗಳ ಪ್ರಕಾರ ಅದನ್ನು ಒಪ್ಪಬಹುದು.