ಪದ ಪರಿಚಯ: ಸೋಲ್ಡರೆಬಲ್ ಎನಾಮಲ್ ತಂತಿ

ಬೆಸುಗೆ (ಸೋಲ್ಡರ್) ತಾಮ್ರಕ್ಕೆ ಹಿಡಿದೇ ಹಿಡಿಯುತ್ತದೆ. ಆದರೆ ಕಾಯಿಲ್ ಸುತ್ತುವ ಎನಾಮಲ್ ತಂತಿಯಲ್ಲಿ ಬೆಸುಗೆ ಹಾಕುವ ಐರನ್ನಿಗೆ ಮೊದಲು ಸಿಗುವುದು ತಾಮ್ರವಲ್ಲ, ಅದರ ಮೇಲಿನ ವಿದ್ಯುತ್ ನಿರೋಧಕ ಲೇಪ. ಆ ಲೇಪ ಐರನ್ನಿನ ಬಿಸಿಗೇ ಸುಟ್ಟು ಜಾಗ ಬಿಡುವಂತಿದ್ದರೆ ತಂತಿ ‘ಸೋಲ್ಡರೆಬಲ್’. ಹ್ಯಾಮ್‌ಗಳು (ಹವ್ಯಾಸಿ ರೇಡಿಯೋ ಬಳಕೆದಾರರು) ಹುಡುಕುವುದು ಇದನ್ನೇ, ಅದರಲ್ಲೂ ಪಾಲಿಯುರೆಥೇನ್ ಲೇಪದ ತಂತಿಯನ್ನು. ಸುಮಾರು 390 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಬಿಟ್ಟುಕೊಡುತ್ತದೆ.

ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಡುವುದು ಸಾಮಾನ್ಯವಾಗಿ ಬೇರೆ ಜಾತಿ. ಪಾಲಿಯೆಸ್ಟರ್-ಇಮೈಡ್ ಮೇಲೆ ಪಾಲಿಅಮೈಡ್-ಇಮೈಡ್ ಬಳಿದ 200 ಕ್ಲಾಸಿನ (ಕ್ಲಾಸ್ ಎಂದರೆ ಲೇಪ ತಡೆಯುವ ಉಷ್ಣತೆಯ ದರ್ಜೆ, ಡಿಗ್ರಿ ಸೆಲ್ಸಿಯಸ್‌ನಲ್ಲಿ) ತಂತಿ ಐರನ್ನಿಗೆ ಜಗ್ಗುವುದಿಲ್ಲ; ಮೋಟಾರಿನ ಕಾವು ತಡೆಯಲೆಂದೇ ಮಾಡಿದ್ದು. ಹಾಗಂತ ಕ್ಲಾಸ್ ಸಂಖ್ಯೆ ನೋಡಿ ತೀರ್ಮಾನಿಸುವಂತಿಲ್ಲ. 180 ಕ್ಲಾಸಿನಲ್ಲಿ ಬೆಸುಗೆ ಹಿಡಿಯುವುದೂ ಉಂಟು, ಹಿಡಿಯದ್ದೂ ಉಂಟು. ಬಣ್ಣವನ್ನಂತೂ ನಂಬಲೇಬೇಡಿ. ತಂತಿ ಅಲ್ಯೂಮಿನಿಯಂ ಆಗಿರಲೂಬಹುದು: ಕೆರೆದಾಗ ಬೆಳ್ಳಗೆ ಕಂಡರೆ ಅಲ್ಲಿಗೇ ಬಿಡಿ.

ಆದ್ದರಿಂದ ಕಾಯಿಲ್ ಸುತ್ತುವ ಮೊದಲೇ ಒಂದು ತುಂಡು ಪರೀಕ್ಷಿಸಿ. ಐರನ್ 400 ಡಿಗ್ರಿಗಿಟ್ಟು, ತುದಿಯಲ್ಲಿ ಸೋಲ್ಡರಿನ ದಪ್ಪ ಹನಿ ನಿಲ್ಲಿಸಿ, ಆಗಷ್ಟೇ ಕತ್ತರಿಸಿದ ತಂತಿಯ ಕೊನೆಯನ್ನು ಅದರೊಳಗೆ ತೂರಿಸಿ. ಕತ್ತರಿಸಿದ ಮುಖದಲ್ಲಿ ತಾಮ್ರ ಬರಿದಾಗಿರುವುದರಿಂದ ಬಿಸಿ ಅಲ್ಲಿಂದಲೇ ಒಳಹೋಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಹೊಗೆ ಎದ್ದು ಸೋಲ್ಡರ್ ತಂತಿಯುದ್ದಕ್ಕೂ ಏರಬೇಕು. ಈ ಹೊಗೆಯಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಐಸೊಸಯನೇಟ್ ಇರುತ್ತದೆ. ಕಿಟಕಿ ತೆರೆದಿಡಿ, ಮುಖ ದೂರವಿರಲಿ. 22 ಗೇಜಿನಂಥ (0.71 ಮಿ.ಮೀ.) ದಪ್ಪ ತಂತಿ ಶಾಖವನ್ನು ಎಳೆದುಕೊಳ್ಳುವುದರಿಂದ ತಡವಾಗುತ್ತದೆ, ಚೂಪು ಮೊನೆ ಸಾಲದು, ಐರನ್ನಿಗೆ ಅಗಲವಾದ ಬಿಟ್ (ತುದಿ) ಹಾಕಿ.

ಕಾಯಿಲ್‌ಗೆ ಒಂದು ಉದಾಹರಣೆ: ಟಿ50-2 ಎಂಬ ಕೆಂಪು ಟೊರಾಯಿಡ್ (ಉಂಗುರದಾಕಾರದ ಕೋರ್) ಮೇಲೆ 16 ಸುತ್ತು ಅಂದರೆ ಸುಮಾರು 1.25 ಮೈಕ್ರೊಹೆನ್ರಿ ಇಂಡಕ್ಟೆನ್ಸ್. 26 ಗೇಜ್ (0.46 ಮಿ.ಮೀ.) ತಂತಿ ಇದಕ್ಕೆ ಸುಲಭ, ಬೋರ್ಡಿಗೆ ಹೋಗುವ ಕಾಲುಗಳೂ (ತುದಿಗಳೂ) ಸೇರಿ 32 ಸೆಂ.ಮೀ. ಕತ್ತರಿಸಿಕೊಳ್ಳಿ.

ಕಾಡುವ ದೋಷವೆಂದರೆ ಅರೆಬೆಂದ ತುದಿ. ಸೋಲ್ಡರ್ ಗುಂಡಗೆ ಅಂಟಿ ಹೊಳೆಯುತ್ತದೆ, ಒಳಗೆ ಎನಾಮಲ್ ಹಾಗೇ ಇರುತ್ತದೆ. ಬೋರ್ಡಿಗೆ ಹಾಕಿದ ಮೇಲೆ ಕಣ್ಣಿಗೆ ಎಲ್ಲವೂ ಸರಿ, ಪವರ್ ಮಾತ್ರ ಹೊರಬರುವುದಿಲ್ಲ. ಎರಡು-ಮೂರು ಎಳೆ ಹೊಸೆದು ಸುತ್ತಿದ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇದನ್ನು ಪತ್ತೆಹಚ್ಚುವುದೇ ತಲೆನೋವು. ಬೋರ್ಡಿಗೆ ಹಾಕುವ ಮೊದಲೇ ಪ್ರತಿ ಎಳೆಗೂ ತುದಿಯಿಂದ ತುದಿಗೆ ಮಲ್ಟಿಮೀಟರ್ ಹಿಡಿಯಿರಿ: ಒಂದು ಓಮ್‌ಗಿಂತ ಕಡಿಮೆ ಬರಬೇಕು, ಬೇರೆ ಎಳೆಗೆ ಏನೂ ತೋರಿಸಬಾರದು.

ಬೆಸುಗೆ ಹಿಡಿಯದ ತಂತಿಯೇ ಕೈಲಿದ್ದರೆ ತುದಿಯನ್ನು ನಯವಾದ ಮರಳು ಕಾಗದದಿಂದ ಸುತ್ತಲೂ ಉಜ್ಜಿ. ಬ್ಲೇಡ್ ಬೇಡ, ಗೀರು ಬಿದ್ದ ಕಡೆ ಎರಡು ಸಲ ಬಾಗಿಸಿದರೆ ತಂತಿ ತುಂಡಾಗುತ್ತದೆ.