ಚಕ್ರ ಕೊಳ್ಳುವ ಮೊದಲು ನೆಲ ನೋಡಿ

"ಸಾರ್, ಅಡ್ಡಡ್ಡ ಹೋಗೋ ಚಕ್ರ ಇದೆಯಲ್ಲ, ಅದನ್ನೇ ನಮ್ಮ ಟ್ರಾಲಿಗೂ ಹಾಕ್ಕೊಡಿ." ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬರುವವರ ಬಾಯಲ್ಲಿ ಈಗೀಗ ಈ ಮಾತು ಜಾಸ್ತಿ. ಫೋನು ತೆಗೆದು ವಿಡಿಯೋ ತೋರಿಸುತ್ತಾರೆ. ಗಾಡಿಯ ಮೂತಿ ತಿರುಗುವುದೇ ಇಲ್ಲ, ಆದರೂ ಸಲೀಸಾಗಿ ಪಕ್ಕಕ್ಕೆ ಸರಿಯುತ್ತದೆ. "ನಿಮ್ಮ ನೆಲ ಹೇಗಿದೆ?" ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಚಕ್ರದ ರೇಟು ಗೊತ್ತು, ಮೋಟರಿನ ಪವರ್ ಗೊತ್ತು. ನೆಲದ ಯೋಚನೆಯನ್ನೇ ಮಾಡಿರುವುದಿಲ್ಲ.

ಈ ಚಕ್ರ ನಿನ್ನೆ ಮೊನ್ನೆಯದಲ್ಲ. ದೊಡ್ಡ ಚಕ್ರದ ಅಂಚಿನ ಸುತ್ತ ಅಡ್ಡಲಾಗಿ ಸಣ್ಣ ರೋಲರ್ ಕೂರಿಸುವ ಉಪಾಯಕ್ಕೆ ಅಮೆರಿಕದಲ್ಲಿ 1919ರಲ್ಲೇ ಪೇಟೆಂಟ್ ಸಿಕ್ಕಿತ್ತು. ಇವತ್ತು ನಾವು ಓಮ್ನಿ ವೀಲ್ ಅನ್ನುವುದು ಆ ಜಾತಿಯದು. 1970ರ ದಶಕದಲ್ಲಿ ಸ್ವೀಡನ್ನಿನ ಮೆಕಾನಮ್ ಕಂಪನಿಯಲ್ಲಿದ್ದ ಬೆಂಗ್ಟ್ ಇಲೋನ್ ರೋಲರ್‌ಗಳನ್ನು 45 ಡಿಗ್ರಿ ಓರೆಯಾಗಿ ಕೂರಿಸಿದರು. ಕಂಪನಿಯ ಹೆಸರೇ ಆ ಚಕ್ರಕ್ಕೆ ಉಳಿಯಿತು. ಈಗ ವಿಮಾನ ಕಾರ್ಖಾನೆಗಳಲ್ಲಿ ಟನ್‌ಗಟ್ಟಲೆ ತೂಕದ ಭಾಗಗಳನ್ನು ಇಕ್ಕಟ್ಟಿನಲ್ಲಿ ಸರಿಸುವ ಗಾಡಿಗಳು ಇದರ ಮೇಲೆ ಓಡುತ್ತವೆ. ಅಲ್ಲಿನ ನೆಲ ಗಟ್ಟಿ, ಸಮತಟ್ಟು, ಚೊಕ್ಕಟ. ವಿಡಿಯೋ ನೋಡುವವರ ಕಣ್ಣಿಗೆ ಬೀಳದ ಭಾಗ ಅದೇ.

ನೆಲ ಯಾಕೆ ಅಷ್ಟು ಮುಖ್ಯ? ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗಾಡಿ ಬಲಕ್ಕೆ ಸರಿಯಬೇಕಾದರೆ ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಮುಂದಕ್ಕೆ ಸುತ್ತುತ್ತವೆ. ಮಿಕ್ಕ ಎರಡು ಹಿಂದಕ್ಕೆ ಸುತ್ತುತ್ತವೆ. ರೋಲರ್ ಓರೆಯಾಗಿರುವುದರಿಂದ ಪ್ರತಿ ಚಕ್ರವೂ ಗಾಡಿಯನ್ನು ಓರೆಯಾಗಿ ತಳ್ಳುತ್ತದೆ. ಮುಂದಕ್ಕೆ ತಳ್ಳುವುದು, ಹಿಂದಕ್ಕೆ ತಳ್ಳುವುದು ಒಂದಕ್ಕೊಂದು ವಜಾ ಆಗುತ್ತವೆ. ಬಲಕ್ಕೆ ತಳ್ಳುವುದು ಮಾತ್ರ ಉಳಿಯುತ್ತದೆ. ಈ ಲೆಕ್ಕ ಸರಿಹೋಗುವುದು ನಾಲ್ಕೂ ಚಕ್ರ ನೆಲವನ್ನು ಒಂದೇ ಸಮ ಒತ್ತಿದರೆ ಮಾತ್ರ. ಉತ್ಸವದಲ್ಲಿ ಅಡ್ಡಪಲ್ಲಕ್ಕಿ ಹೊತ್ತವರಲ್ಲಿ ಒಬ್ಬರು ಹೆಗಲು ಸಡಿಲ ಬಿಟ್ಟರೆ ಏನಾಗುತ್ತದೆ ಅಂತ ನೋಡಿದ್ದೀರಲ್ವಾ? ಇಲ್ಲೂ ಅಷ್ಟೇ. ಒಂದು ಚಕ್ರ ಗುಂಡಿಯ ಮೇಲೆ ತೇಲಿದರೆ, ಇಲ್ಲವೇ ಧೂಳಲ್ಲಿ ಜಾರಿದರೆ, ವಜಾ ಆಗಬೇಕಾದ್ದು ಆಗುವುದಿಲ್ಲ. ಗಾಡಿ ಮುಂದಕ್ಕೋ ಹಿಂದಕ್ಕೋ ಎಳೆಯುತ್ತದೆ, ಮೂತಿಯೂ ತಿರುಗುತ್ತದೆ. "ಎನ್‌ಕೋಡರ್ ಇದೆಯಲ್ಲ ಸಾರ್" ಅನ್ನುತ್ತಾರೆ. ಎನ್‌ಕೋಡರ್ ಅಂದರೆ ಸುತ್ತು ಎಣಿಸುವ ಸೆನ್ಸರ್, ಅದಕ್ಕೆ ಗೊತ್ತಾಗುವುದು ಚಕ್ರ ಎಷ್ಟು ಸುತ್ತಿತು ಅನ್ನುವುದಷ್ಟೇ. ಜಾರಿದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪ್ರಾಜೆಕ್ಟಿಗೆ ಅಂತ ಬಂದರೆ ನಾನು ಬೇಡ ಅನ್ನುವುದಿಲ್ಲ. ಲ್ಯಾಬಿನ ಟೈಲ್ಸ್ ನೆಲಕ್ಕೆ ಇದು ಹೇಳಿ ಮಾಡಿಸಿದ್ದು, ಆ ಮಕ್ಕಳ ಉತ್ಸಾಹವೂ ನನಗೆ ಇಷ್ಟ. ಅವರಿಗೆ ಹೇಳುವುದು ಒಂದೇ: ಮೆಕಾನಮ್ ಚಕ್ರದಲ್ಲಿ ಎಡದ್ದು, ಬಲದ್ದು ಅಂತ ಎರಡು ಜಾತಿ. ಮೇಲಿನಿಂದ ನೋಡಿದರೆ ನಾಲ್ಕೂ ಚಕ್ರದ ರೋಲರ್ ಸೇರಿ ಗುಣಾಕಾರದ ಗುರುತು ಕಾಣಬೇಕು. ಉಲ್ಟಾ ಹಾಕಿದರೆ ಗಾಡಿ ನಿಂತಲ್ಲೇ ತಿರುಗಲು ಒದ್ದಾಡುತ್ತದೆ. ಪಾಪ, ಅವರು ರಾತ್ರಿಯೆಲ್ಲ ಪ್ರೋಗ್ರಾಮಿನ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತಿರುತ್ತಾರೆ.

ಮದ್ದೂರಿನ ಕಡೆಯ ರೈಸ್ ಮಿಲ್ ಮಾಲೀಕರೊಬ್ಬರಿಗೆ ಮೂಟೆಗಳ ಸಾಲಿನ ನಡುವೆ ಅಡ್ಡ ಸರಿಯುವ ಟ್ರಾಲಿ ಬೇಕಿತ್ತು. ಸ್ಯಾಂಪಲ್ ಚಕ್ರ ಒಂದನ್ನು ಹಿಡಿದುಕೊಂಡೇ ಹೋದೆ. ನೆಲದ ಸಿಮೆಂಟು ಅಲ್ಲಲ್ಲಿ ಕಿತ್ತಿತ್ತು, ಮೇಲೆ ತೌಡಿನ ನುಣ್ಣನೆ ಪದರ. ಚಕ್ರವನ್ನು ಕೈಯಲ್ಲೇ ಒತ್ತಿ ಆ ತುದಿಯಿಂದ ಈ ತುದಿಗೆ ಉರುಳಿಸಿ ಅವರ ಕೈಗೆ ಕೊಟ್ಟೆ. ಎರಡು ರೋಲರ್‌ಗಳ ಸಂದಿಯಲ್ಲಿ ತೌಡು ಮೆತ್ತಿಕೊಂಡಿತ್ತು. ಒಂದರ ಪಿನ್ನಿಗೆ ಗೋಣಿಚೀಲದ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಆ ರೋಲರನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ತಿರುಗಲಿಲ್ಲ. "ಹಂಗಾದ್ರೆ ಅಡ್ಡ ಹೋಗಲ್ವಾ?" ಅಂತ ಬೇಜಾರು ಮಾಡಿಕೊಂಡರು. ಕೊನೆಗೆ ನಡುವೆ ಮೋಟರ್ ಇರುವ ಎರಡು ಮಾಮೂಲಿ ರಬ್ಬರ್ ಚಕ್ರ, ನಾಲ್ಕು ಮೂಲೆಗೆ ಕ್ಯಾಸ್ಟರ್ (ಎತ್ತ ಬೇಕಾದರೂ ತಿರುಗುವ ಸಣ್ಣ ಚಕ್ರ) ಹಾಕಿ ಕೊಟ್ಟೆವು. ಅದು ನಿಂತ ಜಾಗದಲ್ಲೇ ತಿರುಗಿ ಸಾಲಿನೊಳಗೆ ಹೋಗುತ್ತದೆ.

ಹಾಗಂತ ಮೆಕಾನಮ್ ನಮ್ಮ ಕಡೆಗೆ ಆಗುವುದೇ ಇಲ್ಲ ಅಂತಲ್ಲ. ನೆಲಕ್ಕೆ ಎಪಾಕ್ಸಿಯ ಗಟ್ಟಿ ನುಣುಪು ಲೇಪ ಹಾಕಿದ ಪ್ಯಾಕಿಂಗ್ ಹಾಲಿನಲ್ಲಿ, ತಿರುಗಲು ಜಾಗವೇ ಇಲ್ಲದ ಕಡೆ, ಇದಕ್ಕಿಂತ ಚೆನ್ನಾದ ಚಕ್ರ ನಾನು ಕಂಡಿಲ್ಲ. ಅಲ್ಲೂ ಕೆಲವು ಷರತ್ತು ಹಾಕುತ್ತೇನೆ. ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಗಾಡಿ ಓಡುವ ದಾರಿಯಲ್ಲಿ ಉಬ್ಬು ತಗ್ಗು ಎಷ್ಟಿದೆ ಅಂತ ನೀವೇ ಅಳೆದು ಬರೆದುಕೊಂಡು ಬನ್ನಿ. ಬಾಗಿಲ ಹೊಸ್ತಿಲು, ಮೋರಿಯ ಜಾಲರಿ ಇದ್ದರೆ ಗುರುತು ಹಾಕಿ. ಗಾಡಿ ಪಕ್ಕಕ್ಕೆ ಸರಿಯುವಾಗ ಉಬ್ಬು ಹತ್ತಬೇಕಾದ್ದು ದೊಡ್ಡ ಚಕ್ರವಲ್ಲ, ಆ ಸಣ್ಣ ರೋಲರ್. ಒಂದು ಜೊತೆ ಚಕ್ರದ ಆಕ್ಸಲ್ ನೆಲಕ್ಕೆ ತಕ್ಕಂತೆ ವಾಲಾಡುವ ಹಾಗೆ ಮಾಡಿಸಲೇಬೇಕು, ಅದರ ಖರ್ಚು ಬೇರೆ. ಪ್ರತಿ ಶಿಫ್ಟಿಗೂ ಮೊದಲು ಗುಡಿಸಲು ಒಬ್ಬರು ಇರಬೇಕು. ಇಷ್ಟಾದ ಮೇಲೂ ಖಾತ್ರಿ ಕೊಡುವುದು ನೆಲ ನೋಡಿ ಬಂದ ಮೇಲೇ.