ಗೊರಗುಟ್ಟುವ ಕುದುರೆ, ಕೊಂಕಣ ಸುತ್ತುವ ನರ

ಓಡುವಾಗ ಕುದುರೆ ಗೊರಗುಟ್ಟಿದರೆ ದಮ್ಮು ಎಂದು ಕಷಾಯ ಕುಡಿಸುವುದು ಬೇಡ. ದಮ್ಮು ಶ್ವಾಸಕೋಶದ ಕಾಯಿಲೆ. ಗರಗಸ ಎಳೆದಂಥ ಈ ಸದ್ದು ಹುಟ್ಟುವುದು ಗಂಟಲಲ್ಲಿ. ಬಹಳಷ್ಟು ಸಲ ತಪ್ಪಿತಸ್ಥ ಎಡಬದಿಯ ಒಂದು ನರ.

ಅದರ ದಾರಿ ನೋಡಿ. ಮಿದುಳಿನಿಂದ ಹೊರಟು, ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದು, ಎದೆಗೂಡಿಗಿಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಕತ್ತು ಹತ್ತಿ ಅದೇ ಧ್ವನಿಪೆಟ್ಟಿಗೆಗೆ ಬರುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ! ಮೀನಿನಂಥ ಪೂರ್ವಜರಲ್ಲಿ ಇದು ಕಿವಿರಿಗೆ ನೇರ ಹೋಗುತ್ತಿತ್ತು. ಕತ್ತು ಬೆಳೆದಂತೆ, ಗೂಟಕ್ಕೆ ಸಿಕ್ಕಿದ ಹಗ್ಗದ ಹಾಗೆ, ರಕ್ತನಾಳಕ್ಕೆ ಸಿಕ್ಕಿಕೊಂಡೇ ಉದ್ದವಾಯಿತು. ಬಲನರ ಇಷ್ಟು ಕೆಳಗಿಳಿಯುವುದಿಲ್ಲ. ದೊಡ್ಡ ಕುದುರೆಯಲ್ಲಿ ಎಡನರ 2 ಮೀಟರಿಗೂ ಉದ್ದ, ಕೆಡುವುದು ತುದಿಯಿಂದ. ಎತ್ತರದ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳಿಗೆ ಈ ಕಾಟ ಹೆಚ್ಚು, ತಟ್ಟುಗಳಿಗೆ ಅಪರೂಪ. (2ನೇ ಶತಮಾನದಲ್ಲೇ ರೋಮಿನ ವೈದ್ಯ ಗ್ಯಾಲನ್ ಚೀರುವ ಹಂದಿಯ ಈ ನರಗಳನ್ನು ಬಿಗಿದು, ಜನರೆದುರೇ ಅದರ ದನಿ ಅಡಗಿಸಿದ್ದ.)

ನರ ಸೋತರೆ ಧ್ವನಿಪೆಟ್ಟಿಗೆಯ ಎಡ ಮೃದ್ವಸ್ಥಿಯನ್ನು ಹೊರಗೆಳೆಯುವ ಸ್ನಾಯು ಬತ್ತುತ್ತದೆ. ನಿಂತ ಕುದುರೆಗೆ ಅದರಿಂದ ಏನೂ ಆಗದು. ಆದರೆ ನಾಗಾಲೋಟದಲ್ಲಿ ಕುದುರೆ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಲೀಟರ್ ಗಾಳಿ ಎಳೆಯಬೇಕು, ಅದೂ ಮೂಗಿನಿಂದ ಮಾತ್ರ; ಬಾಯಿಂದ ಉಸಿರಾಡುವುದು ಕುದುರೆಗೆ ಆಗದ ಮಾತು. ನೆನೆದ ಕಾಗದದ ಸ್ಟ್ರಾದಲ್ಲಿ ಎಳನೀರು ಜೋರಾಗಿ ಹೀರಿ ನೋಡಿ, ಅಪ್ಪಚ್ಚಿಯಾಗುತ್ತದೆ. ಹಿಡಿಯುವವರಿಲ್ಲದ ಎಡ ಮೃದ್ವಸ್ಥಿಯೂ ಹಾಗೆಯೇ ಒಳಕ್ಕೆ ಕುಸಿಯುತ್ತದೆ. ಧ್ವನಿತಂತು ಚಿಲಕವಿಲ್ಲದ ಕಿಟಕಿಯಂತೆ ಗಾಳಿಗೆ ಅದುರುತ್ತದೆ.

ಸದ್ದು ಯಾವಾಗ ಬರುತ್ತದೆಂದು ಕಾಲು ನೋಡಿ ಹೇಳಬಹುದು. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು: ಮುಂಗಾಲು ನೆಲದಲ್ಲಿದ್ದಾಗ ಹೊರಕ್ಕೆ, ಮುಂದಕ್ಕೆ ಚಾಚಿದಾಗ ಒಳಕ್ಕೆ. ಚಾಚಿದಾಗ ಗೊರಗುಟ್ಟಿದರೆ ನರದ ಮೇಲೆ ಅನುಮಾನ. ಊರಿದಾಗ, ಅದೂ ಓಟದ ಕೊನೆಯಲ್ಲಿ ಹಠಾತ್ತನೆ ಗುಳುಗುಳು ಎಂದರೆ, ಮೆದು ಅಂಗುಳ ಶ್ವಾಸನಾಳದ ಮುಚ್ಚಳದ ಮೇಲೆ ಜಾರಿ ಕೂತಿರಬಹುದು. ಖಚಿತಪಡಿಸಲು ಎಂಡೋಸ್ಕೋಪ್ (ಮೂಗಿನಿಂದ ಇಳಿಸುವ ಕ್ಯಾಮೆರಾ ಕೊಳವೆ) ಬೇಕು. ನಿಂತ ಕುದುರೆಯಲ್ಲಿ ಅಂಗುಳದ ತೊಂದರೆ ಕಾಣದೇ ಹೋಗಬಹುದು. ಓಡಿಸುತ್ತಲೇ ನೋಡುವುದು ಮೇಲು.

20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪಶುವೈದ್ಯ ಫ್ರೆಡರಿಕ್ ಹಾಬ್ಡೇ ಜನಪ್ರಿಯಗೊಳಿಸಿದ ಶಸ್ತ್ರಕ್ರಿಯೆಯಲ್ಲಿ ಧ್ವನಿತಂತುವಿನ ಪಕ್ಕದ ಚೀಲದ ಒಳಪದರ ತೆಗೆಯುತ್ತಾರೆ. ಸದ್ದು ತಗ್ಗುತ್ತದೆ, ಗಾಳಿ ಅಷ್ಟಾಗಿ ಹೆಚ್ಚದು. ಗಾಳಿ ಬೇಕಾದರೆ ಟೈಬ್ಯಾಕ್: ಬತ್ತಿದ ಸ್ನಾಯುವಿನ ಬದಲು ಗಟ್ಟಿ ದಾರ ಹಾಕಿ ಮೃದ್ವಸ್ಥಿಯನ್ನು ಹಿಂದಕ್ಕೆ ಕಟ್ಟುವುದು. ಸಡಿಲ ಕಟ್ಟಿದರೆ ಮತ್ತೆ ಕುಸಿಯುತ್ತದೆ. ಅತಿಯಾಗಿ ಬಿಗಿದರೆ ನುಂಗುವಾಗ ಬಾಗಿಲು ಮುಚ್ಚದೆ ಮೇವು, ನೀರು ಶ್ವಾಸನಾಳಕ್ಕಿಳಿದು ಕೆಮ್ಮು ಹತ್ತುತ್ತದೆ. ಅದಕ್ಕೇ ಆಪರೇಷನ್ ಆದ ಕುದುರೆಗೆ ಮೇವನ್ನು ಎತ್ತರದ ಗೋದಲಿಯಲ್ಲಿ ಹಾಕದೆ, ನೀರು ಚಿಮುಕಿಸಿ ನೆಲದ ಮೇಲೆ ಹಾಕುತ್ತಾರೆ.